ಸಾದಾ ಅಂದರೆ ಯಾವ ಫರ್ಸಿ

ಶಹಾಬಾದದ ಕಲ್ಲಿನ ಅಂಗಳಕ್ಕೆ ಹೊಸದಾಗಿ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ಮಶೀನು ನಡೆಸುವುದನ್ನಲ್ಲ, ಒಂದು ಶಬ್ದವನ್ನು. ಆ ಶಬ್ದ ‘ಸಾದಾ’. ಮೊನ್ನೆ, ನಾನು ಮೊದಲು ದುಡಿಯುತ್ತಿದ್ದ ಅಂಗಳದ ಮುಂದೆ ಹಾದುಹೋಗುವಾಗ, ಗೋಡೆಗೆ ಆನಿಸಿ ನಿಲ್ಲಿಸಿದ ಸಾದಾ ಕಲ್ಲಿನ ಸಾಲಿನ ಮೇಲೆ ಹೊಸ ಸೂಪರ್‌ವೈಜರು ಕೆಂಪು ಬಣ್ಣದಲ್ಲಿ ‘ರಿಜೆಕ್ಟ್’ ಎಂದು ಬರೆಸಿದ್ದನ್ನು ಕಂಡೆ. ಸಿಟ್ಟು ಬಂತು. ಆದರೆ ನಿವೃತ್ತಿಯಾದವನ ಸಿಟ್ಟಿಗೆ ಯಾರು ಬೆಲೆ ಕೊಡುತ್ತಾರೆ? ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನೆಲಕ್ಕೆ ಹಾಸುವ ನಮ್ಮ ಕಡೆಯ ಚಪ್ಪಟೆ ಕಲ್ಲಿಗೆ ನಾವು ಫರ್ಸಿ ಎನ್ನುತ್ತೇವೆ. ಖಣಿಯಿಂದ ಲಾರಿಯಲ್ಲಿ ಬಂದಿಳಿದ ಫರ್ಸಿಯನ್ನು ನೋಡಿ, ಬಡಿದು, ಇದು ಪಾಲಿಶ್‌ಗೆ, ಇದು ಸಾದಾ, ಇದು ರದ್ದಿ ಎಂದು ಬೇರೆ ಮಾಡುವುದು ನನ್ನ ಕೆಲಸವಾಗಿತ್ತು. ತಲೆಗೂದಲು ಕಪ್ಪಿದ್ದಾಗ ಸೇರಿದವನು ಮೊಳಕಾಲು ಕೇಳದೇ ಹೋದಾಗ ಬಿಟ್ಟೆ. ಇಷ್ಟು ಕಾಲ ದಿನವೂ ಬಾಯಲ್ಲಿ ಆಡಿದ ಆ ಶಬ್ದದ ಅರ್ಥ ನನಗೆ ಪೂರ್ತಿ ತಿಳಿದದ್ದು ನಮ್ಮ ಸಾವ್ಕಾರರ ತಾಯಿ ನಡೆಯುವುದನ್ನು ಬಿಟ್ಟ ವರ್ಷ. ಆಕೆ ಮತ್ತೆ ತನ್ನ ಕಾಲ ಮೇಲೆ ನಡೆಯುತ್ತಾಳೋ, ಹಾಸಿಗೆಯಲ್ಲೇ ಕಾಲ ಕಳೆಯುತ್ತಾಳೋ ಎಂಬುದು ಈ ಸಾದಾ ಕಲ್ಲಿನ ಮೇಲೇ ನಿಂತಿತ್ತು. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಕೆಲಸಕ್ಕೆ ಸೇರಿದಾಗ ನನ್ನ ಮೇಲಿದ್ದವರು ಹಣಮಂತರಾಯ ಎಂಬ ಹಿರಿಯ ಮೇಸ್ತ್ರಿ. ಬೈಗುಳವಿಲ್ಲದೆ ಅವರ ಬಾಯಿಂದ ಪಾಠ ಹೊರಡುತ್ತಿರಲಿಲ್ಲ. ಮೊದಲ ದಿನ ನಾನು ಸಾದಾ ಕಲ್ಲುಗಳನ್ನು ಒಯ್ದು ರದ್ದಿ, ಅಂದರೆ ಒಡಕು ಕಲ್ಲಿನ ಗುಂಪಿಗೆ ಹಾಕಿದೆ. ಹೊಳಪಿಲ್ಲ, ಬಣ್ಣ ಒಂದೇ ಸಮ ಇಲ್ಲ, ಮೈ ತರಿತರಿ, ಇನ್ನೇನು ಕೆಲಸಕ್ಕೆ ಬಂದೀತು ಎಂದು ನನ್ನ ಲೆಕ್ಕ. ಹಣಮಂತರಾಯರು ನನ್ನ ಕೈಗೆ ಸಣ್ಣ ಸುತ್ತಿಗೆ ಕೊಟ್ಟು, ಎರಡೂ ಗುಂಪಿನ ಕಲ್ಲು ಬಡಿಯಲು ಹೇಳಿದರು. ಒಡಕು ಕಲ್ಲು ಮಣ್ಣಿನ ಹೆಂಟೆಯ ಹಾಗೆ ಸಪ್ಪಳ ಮಾಡಿತು. ಸಾದಾ ಕಲ್ಲು ಗಂಟೆಯ ಹಾಗೆ ಖಣ್ಣೆಂದಿತು.

“ಕೇಳ್ತೇನೋ ಮಲ್ಲಣ್ಣ? ಭೂಮ್ಯಾಗ ಹೆಂಗಿತ್ತೋ ಹಂಗೇ ಅದ, ಅದಕ ಸಾದಾ ಅಂತಾರ. ಯಾರೂ ಕೈ ಹಚ್ಚಿಲ್ಲ, ಅಷ್ಟೇ. ಕೆಟ್ಟದ್ದಕ್ಕ ಬ್ಯಾರೆ ಹೆಸರದಾವ,” ಎಂದು ಹೇಳಿ ಆ ಬೇರೆ ಹೆಸರುಗಳನ್ನೂ ನನ್ನ ಮೇಲೇ ಪ್ರಯೋಗಿಸಿದರು.

ನಮ್ಮ ಕಡೆ ಈ ಶಬ್ದ ಕಲ್ಲಿಗೆ ಮಾತ್ರ ಅಂಟಿಕೊಂಡಿಲ್ಲ. ವಾಡಿ ಸ್ಟೇಶನ್ನಿನ ಹೊರಗೆ ಪಾನ್ ಕಟ್ಟುವವನು ಸಾದಾ ಪಾನೋ ತಂಬಾಕಿನದೋ ಎಂದು ಕೇಳುತ್ತಾನೆ. ಅಲ್ಲಿ ಸಾದಾ ಅಂದರೆ ತಲೆ ತಿರುಗಿಸದ್ದು. ಹೆಣ್ಣು ಕೊಡುವವರು ‘ಹುಡುಗ ಭಾಳ ಸಾದಾ’ ಅಂದರೆ ಕುಡಿಯುವುದಿಲ್ಲ ಎಂದರ್ಥ. ಅದನ್ನೇ ಹುಡುಗನ ಕಡೆಯವರು ಒತ್ತಿ ಒತ್ತಿ ಹೇಳಿದರೆ ನೌಕರಿ ಇಲ್ಲ ಎಂದೂ ಇರಬಹುದು, ವಿಚಾರಿಸುವುದು ಒಳ್ಳೆಯದು. ಸಾದಾ ಮನುಷ್ಯ ಎಂದರೆ ಒಳಗೊಂದು ಹೊರಗೊಂದು ಇಲ್ಲದವ. ಎಲ್ಲ ಕಡೆಯೂ ಇದು ಹೊಗಳಿಕೆ ಅಥವಾ ಹೊಗಳಿಕೆಗೆ ಹತ್ತಿರದ ಮಾತು. ಕಲ್ಲಿನ ಅಂಗಳದಲ್ಲಿ ಮಾತ್ರ, ಪಾಲಿಶ್ ಮಶೀನು ಬಂದ ಮೇಲೆ, ಅದು ಮೂಗು ಮುರಿಯುವ ಮಾತಾಯಿತು.

ಒಮ್ಮೆ ಚಿಂಚೋಳಿಯಿಂದ ಒಬ್ಬ ಶಾಲಾ ಮಾಸ್ತರರು ಬಂದಿದ್ದರು. ದನದ ಕೊಟ್ಟಿಗೆಗೆ, ಬಚ್ಚಲಿಗೆ ಸಾದಾ ಫರ್ಸಿ ಬೇಕು ಎಂದರು. ಅಂದು ನಾನು ಊರಲ್ಲಿರಲಿಲ್ಲ. ಕೌಂಟರಿನಲ್ಲಿದ್ದವನು ಸಾದಾ ಕೇಳಿದ ಗಿರಾಕಿಗೆ ಏನು ಕೊಟ್ಟರೂ ನಡೆಯುತ್ತದೆ ಎಂದುಕೊಂಡು ರದ್ದಿ ಗುಂಪಿನಿಂದ ತುಂಬಿಸಿ ಕಳಿಸಿದ್ದ. ಮುಂದಿನ ವಾರ ಮಾಸ್ತರರು ಅದೇ ಟೆಂಪೋದಲ್ಲಿ ಕಲ್ಲನ್ನೂ ತಂದು, ತಾವೂ ಬಂದು ಕುಂತರು. ಕೂಗಾಡಲಿಲ್ಲ. ಒಂದು ಕಲ್ಲು ಎತ್ತಿ ಬಡಿದು ತೋರಿಸಿ, “ನಾ ಸಾದಾ ಬೇಡಿದ್ದೆ, ಸತ್ತದ್ದಲ್ಲ,” ಎಂದರು. ನಾನು ನಿಂತು ಒಂದೊಂದೇ ಕಲ್ಲು ಬಡಿದು ಬೇರೆ ಕೊಟ್ಟೆ. ಅವರು ಪ್ರತಿಯೊಂದಕ್ಕೂ ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. ಅಂಥ ಗಿರಾಕಿ ಸಿಗುವುದು ಅಪರೂಪ. ದಿನಾ ಸಿಗದಿರಲಿ ಎಂದೂ ಅನಿಸಿತ್ತು.

ಕಬರಸ್ತಾನದ ಕೆಲಸಕ್ಕೆ ಬರುವವರು ಹೆಚ್ಚಾಗಿ ಸಾದಾ ಕಲ್ಲನ್ನೇ ಒಯ್ಯುತ್ತಿದ್ದರು. ಫರ್ಸಿ ಹಾಸುವ ನಮ್ಮ ಗೌಂಡಿ ಮೆಹಬೂಬ್ ಸಾಬ ತನ್ನ ತಂದೆಗಾಗಿ ಕಲ್ಲು ಆರಿಸಲು ಬಂದಾಗ ನಾನು, ನೀನು ನಮ್ಮವ, ಒಳ್ಳೆಯ ಪಾಲಿಶ್ ಕಲ್ಲು ಒಯ್ಯಿ ಎಂದೆ. ಅವನು ಬೇಡ ಎಂದ. ಅಪ್ಪ ಬದುಕಿದ್ದಾಗ ಹೇಗಿದ್ದನೋ ಹಾಗೇ ಇರಲಿ ಎಂದು, ತಲೆಯ ಕಡೆ ನಿಲ್ಲಿಸಲು ಒಂದು ಸಾದಾ ಕಲ್ಲು ಸೈಕಲ್ಲಿನ ಮೇಲೆ ಕಟ್ಟಿಕೊಂಡು ನಡೆಸಿಕೊಂಡು ಹೋದ. ಮೆಹಬೂಬ್ ಸಾಬನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಅವನೇ ಕೆಲಸಕ್ಕೆ ಬರುತ್ತಾನೆ.

ಪಾಲಿಶ್ ಮಶೀನಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಮೊದಲು ಕೈಯಿಂದಲೇ ಉಜ್ಜುತ್ತಿದ್ದರು. ಆಮೇಲೆ ನಮ್ಮ ಸಾವ್ಕಾರರು, ವೀರಭದ್ರಪ್ಪನವರು, ಮಶೀನು ತರಿಸಿದರು. ನೀರು ಬಿಟ್ಟುಕೊಂಡು ಮಶೀನು ತಿರುಗಿದರೆ ಕರಿಬೂದು ಕಲ್ಲಿನಲ್ಲಿ ಮುಖ ಕಾಣುತ್ತಿತ್ತು. ಸಾವ್ಕಾರರು ಗಿರಾಕಿಗಳ ಮುಂದೆ ಕಲ್ಲಿನಲ್ಲಿ ನೋಡಿಕೊಂಡು ಮೀಸೆ ತಿರುವುತ್ತಿದ್ದರು. ಸೇಡಂ, ಚಿತ್ತಾಪುರದ ಕಲ್ಯಾಣ ಮಂಟಪಗಳಿಗೆಲ್ಲ ನಮ್ಮ ಪಾಲಿಶೇ ಹೋಯಿತು. ಪಾಲಿಶ್ ಶೆಡ್ಡಿನಲ್ಲಿ ಕೆಲಸ ಮಾಡುವವರನ್ನು ದೂರದಿಂದಲೇ ಗುರುತಿಸಬಹುದಿತ್ತು. ಹಸಿ ಪಾಲಿಶ್ ಕಲ್ಲಿನ ಮೇಲೆ ನಡೆದು ನಡೆದು, ಕಾಲ್ಬೆರಳು ಮಡಚಿ ನೆಲ ಹಿಡಿದುಕೊಂಡು ನಡೆಯುವುದು ಅವರಿಗೆ ರೂಢಿಯಾಗಿರುತ್ತಿತ್ತು. ಬಜಾರದ ಧೂಳಿನಲ್ಲೂ ಹಾಗೇ ನಡೆಯುತ್ತಿದ್ದರು. ನಾವು ನಗುತ್ತಿದ್ದೆವು.

ಈ ಮಶೀನಿನ ದುಡ್ಡಿನ ಮೇಲೆ ಸಾವ್ಕಾರರು ಮನೆ ಕಟ್ಟಿದರು. ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ದೊಡ್ಡ ಹಾಲ್, ಅದರ ಸುತ್ತ ಕೋಣೆಗಳು, ಎಲ್ಲ ಕಡೆ ಪಾಲಿಶ್ ಫರ್ಸಿ. ಒಂದೊಂದು ಕಲ್ಲನ್ನೂ ನಾನೇ ಆರಿಸಿದ್ದೆ, ಮೆಹಬೂಬ್ ಸಾಬನೇ ಹಾಸಿದ್ದ. ಹಿತ್ತಲನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ಬಟ್ಟೆ ಒಗೆಯುವ ಬಂಡೆ, ನೀರಿನ ತೊಟ್ಟಿ, ಹಳೆಯ ಮನೆಯ ಕಾಲದ ಸಾದಾ ಹಾಸು ಹಾಗೇ ಉಳಿದವು. ಗೃಹಪ್ರವೇಶದ ದಿನ ಸಾವ್ಕಾರರ ಹೆಂಡತಿಯ ತಮ್ಮ, ಒದ್ದೆ ಕಾಲಲ್ಲಿ ಬಂದವನು, ತುಸು ಜಾರಿ, ‘ಮಾವಾ, ಇದು ಮನಿಯೋ ಕೆರಿಯೋ’ ಎಂದು ಚೇಷ್ಟೆ ಮಾಡಿದ. ಸಾವ್ಕಾರರು ಊಟಕ್ಕೂ ಅವನ ಜೊತೆ ಕೂಡಲಿಲ್ಲ. ಅವರ ತಾಯಿಯಂತೂ ಅವನನ್ನು ಬದಿಗೆ ಕರೆದು ಚೆನ್ನಾಗಿ ಝಾಡಿಸಿದರಂತೆ.

ಈ ತಾಯಿಯನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಮಗ ಸಾವ್ಕಾರನಾಗುವ ಮುಂಚೆ ಆಕೆ ಖಣಿಯಲ್ಲಿ ತಲೆಯ ಮೇಲೆ ಸಿಂಬಿ ಇಟ್ಟು ಫರ್ಸಿ ಹೊತ್ತವಳು. ಸಾವ್ಕಾರತಿ ಆದ ಮೇಲೂ ಹೆಗಲ ಮೇಲಿನ ಸೆರಗು, ಬರಿಗಾಲು, ದೊಡ್ಡ ದನಿ ಯಾವುದೂ ಬದಲಾಗಲಿಲ್ಲ. ಹಬ್ಬಕ್ಕೆ ಅಂಗಳಕ್ಕೆ ಹೋಳಿಗೆ ತಂದರೆ ತಾನೇ ಬಡಿಸುತ್ತಿದ್ದಳು, ಉಣ್ಣದವನನ್ನು ಬೈಯುತ್ತಿದ್ದಳು.

ಹೊಸ ಮನೆಗೆ ಬಂದ ಕೆಲವೇ ತಿಂಗಳಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಳು ಎಂದು ಸುದ್ದಿ ಬಂತು. ಜ್ವರವಿಲ್ಲ, ನೋವಿಲ್ಲ, ಏಳಲು ಮಾತ್ರ ಒಲ್ಲೆ ಎನ್ನುತ್ತಾಳೆ. ಎಬ್ಬಿಸಿದರೆ ಗೋಡೆ ಹಿಡಿದು ನಿಂತುಬಿಡುತ್ತಾಳೆ. ಸಾವ್ಕಾರರು ಕಲಬುರಗಿಗೆ ಕರೆದೊಯ್ದು ತೋರಿಸಿದರು. ಕಾಲಿನಲ್ಲಿ ದೋಷವಿಲ್ಲ, ಆದರೆ ಈ ವಯಸ್ಸಿನಲ್ಲಿ ನಡೆಯುವುದನ್ನು ಬಿಟ್ಟರೆ ಕೀಲು ಹಿಡಿದುಕೊಳ್ಳುತ್ತವೆ, ಆಮೇಲೆ ಬೇಕೆಂದರೂ ನಡೆಯಲಾಗುವುದಿಲ್ಲ, ಹೇಗಾದರೂ ಮಾಡಿ ನಡೆಸಿ ಎಂದು ಡಾಕ್ಟರರು ಹೇಳಿ ಕಳಿಸಿದರು. ಸರಿಯಾದ ಮಾತೇ. ಆದರೆ ಹೇಗೆ ನಡೆಸುವುದು? ಸಾವ್ಕಾರರು ಅಂಗಳಕ್ಕೆ ಬಂದು ಕುರ್ಚಿಯಲ್ಲಿ ಸುಮ್ಮನೆ ಕೂಡುತ್ತಿದ್ದರು. ಕಲ್ಲಿನಲ್ಲಿ ಮೀಸೆ ನೋಡಿಕೊಳ್ಳುವುದನ್ನೂ ಬಿಟ್ಟರು.

ಆ ದಿನಗಳಲ್ಲಿ ಅವರ ಅಡುಗೆಮನೆಯ ಒಂದು ಕಲ್ಲು ಬಿರುಕು ಬಿಟ್ಟಿದೆ ಎಂದು ಅಳತೆ ತೆಗೆದುಕೊಳ್ಳಲು ನಾನು ಮನೆಗೆ ಹೋದೆ. ದೊಡ್ಡವ್ವನನ್ನು ಹಿತ್ತಲ ಬಚ್ಚಲಿಗೆ ಸ್ನಾನಕ್ಕೆ ಕರೆದೊಯ್ಯುವ ಹೊತ್ತು. ಸೊಸೆ ಒಂದು ರಟ್ಟೆ, ಕೆಲಸದಾಕೆ ಒಂದು ರಟ್ಟೆ ಹಿಡಿದು ಹಾಲ್ ದಾಟಿಸುತ್ತಿದ್ದರು. ದೊಡ್ಡವ್ವ ಕಾಲು ಎತ್ತದೆ ಎಳೆಯುತ್ತಿದ್ದಳು, ಮುಖವೆಲ್ಲ ಬೆವರು. ನಾನು ಕಲ್ಲು ನೋಡಿ ಬದುಕಿದವನು, ಕಣ್ಣು ನೆಲದ ಕಡೆಗೇ ಹೋಗುವುದು. ಆಕೆಯ ಕಾಲ್ಬೆರಳು ಮಡಚಿದ್ದವು. ನಮ್ಮ ಪಾಲಿಶ್ ಶೆಡ್ಡಿನವರ ಹಾಗೆ.

ಹಿತ್ತಲ ಬಾಗಿಲ ಹೊಸ್ತಿಲು ದಾಟಿ ಹಳೆಯ ಹಾಸಿನ ಮೇಲೆ ಕಾಲಿಟ್ಟದ್ದೇ ತಡ, ಆಕೆ ಇಬ್ಬರ ಕೈಯನ್ನೂ ಕೊಸರಿಕೊಂಡಳು. ಬಂಡೆಯ ತನಕ ತಾನೇ ನಡೆದು ಹೋಗಿ, ಬಿದ್ದಿದ್ದ ತಂಬಿಗೆ ಎತ್ತಿಕೊಂಡು, ತೊಟ್ಟಿಯಲ್ಲಿ ನೀರು ಮೊಗೆದಳು. ಹಿತ್ತಲಿಗೆ ಬಂದರೆ ಅತ್ತೆಗೆ ಅದೇನೋ ಹುರುಪು ಬರುತ್ತದೆ ಎಂದು ಸೊಸೆ ನನಗೆ ಹೇಳಿದರು. ಅವರು ದಿನಾ ನೋಡಿದ್ದರು, ನಾನು ಒಮ್ಮೆ ನೋಡಿದೆ. ವ್ಯತ್ಯಾಸವೆಂದರೆ ನನಗೆ ಮಡಚಿದ ಬೆರಳು ಮೊದಲೇ ಪರಿಚಯವಿತ್ತು.

ಆಕೆ ಸ್ನಾನ ಮುಗಿಸಿ ಬಿಸಿಲಿಗೆ ಕುಂತಾಗ ನಾನು ಹತ್ತಿರ ಹೋಗಿ, ಒಳಗೆ ಜಾರುತ್ತದೆಯೇನು ಎಂದು ಮೆಲ್ಲಗೆ ಕೇಳಿದೆ. ದೊಡ್ಡವ್ವ ಸುತ್ತ ನೋಡಿದಳು. ಆ ದೊಡ್ಡ ದನಿ ಇಲ್ಲವೇ ಇಲ್ಲ.

“ಮಲ್ಲಣ್ಣಾ, ಬಾಯಿ ಬಿಡಬ್ಯಾಡ. ಮನಿಗಿ ಇನ್ನಾ ವರ್ಷ ತುಂಬಿಲ್ಲ. ಹೆಸರಿಟ್ಟೀದಿ ಅಂದ್ರ ನನ್ನ ಮ್ಯಾಲ ಆಣಿ ಅದ.”

ಇದನ್ನು ನಮ್ಮ ಕಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ಹೆಸರಿಡುವುದು ಅಂದರೆ ಐಬು ಎತ್ತಿ ಆಡುವುದು. ಹೊಸ ಮನೆಗೆ ವರ್ಷ ತುಂಬುವ ತನಕ ಯಾರೂ ಹೆಸರಿಡಬಾರದು, ಮನೆಯವರಂತೂ ಇಡಲೇಬಾರದು. ಮನೆ ಕೇಳಿಸಿಕೊಳ್ಳುತ್ತದೆ, ಕಟ್ಟಿದವನಿಗೆ ಏಳಿಗೆಯಾಗುವುದಿಲ್ಲ ಎಂದು ಹಿರಿಯರ ನಂಬಿಕೆ. ಬಾಗಿಲು ಕಿರ್ರೆಂದರೂ, ಒಲೆ ಹೊಗೆ ಉಗುಳಿದರೂ ವರ್ಷದ ತನಕ ನುಂಗಿಕೊಂಡಿರಬೇಕು. ದೊಡ್ಡವ್ವ ತನ್ನ ಕಾಲನ್ನೇ ನುಂಗಿಕೊಂಡು ಕೂತಿದ್ದಳು. ಚಪ್ಪಲಿ ಹಾಕಿಕೊಳ್ಳಬಹುದಿತ್ತಲ್ಲ ಎಂದರೆ, ದೇವರ ಜಗಲಿ ಇರುವ ಮನೆಯೊಳಗೆ ಚಪ್ಪಲಿ ಮೆಟ್ಟುವ ಪೈಕಿಯಲ್ಲ ಆಕೆ. ವರ್ಷ ತುಂಬಲು ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಅಷ್ಟರಲ್ಲಿ ಡಾಕ್ಟರರು ಹೇಳಿದ್ದು ಆಗಿಯೇ ಹೋಗುತ್ತಿತ್ತು.

ನಾನು ಹೆದರಿದೆ, ಅದನ್ನು ಮುಚ್ಚಿಡುವುದೇನು. ಒಂದು ಕಡೆ ಮುದುಕಿಯ ಆಣೆ. ಇನ್ನೊಂದು ಕಡೆ, ತನ್ನ ಪಾಲಿಶ್‌ಗೆ ಒಂದು ಮಾತು ಅಂದದ್ದಕ್ಕೆ ಸ್ವಂತ ಹೆಂಡತಿಯ ತಮ್ಮನನ್ನೇ ದೂರವಿಟ್ಟ ಸಾವ್ಕಾರ. ನಡುವೆ ನಾನು, ಸಂಬಳದವನು. ಹೇಳದೇ ಬಿಟ್ಟರೆ, ನಾನೇ ಆರಿಸಿಕೊಟ್ಟ ಕಲ್ಲು ಆಕೆಯನ್ನು ಮಲಗಿಸಿಬಿಡುತ್ತದೆ. ಕೊನೆಗೆ ತಿಳಿಯಿತು, ನಾನು ಹೇಳಬೇಕಾದದ್ದು ಏನೂ ಇಲ್ಲ. ಅವರು ನೋಡಿದರೆ ಸಾಕು. ಆಣೆ ಇದ್ದದ್ದು ನನ್ನ ಬಾಯಿಗೆ, ಸಾವ್ಕಾರರ ಕಣ್ಣಿಗಲ್ಲ.

ಮರುದಿನ ಸಾವ್ಕಾರರನ್ನು ಅಂಗಳದ ಕುರ್ಚಿಯಿಂದ ಎಬ್ಬಿಸಿದೆ. ಸ್ನಾನದ ಹೊತ್ತಿಗೆ ಒಮ್ಮೆ ಹಿತ್ತಲಿಗೆ ಬಂದು ನಿಲ್ಲಬೇಕು, ಮಾತಾಡಬಾರದು ಎಂದು ಕೇಳಿಕೊಂಡೆ. ಅವರು ಯಾಕೆ ಎಂದು ಕೇಳಲಿಲ್ಲ. ಅಷ್ಟು ಸೋತಿದ್ದರು. ಹಿತ್ತಲಲ್ಲಿ ಬೇವಿನ ಮರದ ಮರೆಗೆ ಇಬ್ಬರೂ ನಿಂತೆವು. ಬಾಗಿಲಿಗೆ ದೊಡ್ಡವ್ವ ಬಂದಳು, ಎರಡೂ ಕಡೆ ಜೋತುಬಿದ್ದುಕೊಂಡು. ಹೊಸ್ತಿಲು ದಾಟಿದಳು. ಕೈ ಬಿಟ್ಟಳು. ನಡೆದಳು. ತಂಬಿಗೆಗೆ ಬಗ್ಗಿದಳು, ಎದ್ದಳು, ಕೆಲಸದಾಕೆಗೆ ತೊಟ್ಟಿ ತಿಕ್ಕಿಲ್ಲವೆಂದು ಬೈದಳು.

ಸಾವ್ಕಾರರು ಬಹಳ ಹೊತ್ತು ತಾಯಿಯ ಕಾಲನ್ನೇ ನೋಡಿದರು. ಆಮೇಲೆ ಕಾಲ ಕೆಳಗಿನದನ್ನು.

“ಇದು ಯಾವ ಫರ್ಸಿ, ಮಲ್ಲಣ್ಣ?”

“ಸಾದಾ ರೀ.”

ಕಲ್ಲಿನ ನಡುವೆಯೇ ಹುಟ್ಟಿ ಬೆಳೆದವರು, ಯಾವ ಫರ್ಸಿ ಎಂದು ಅವರಿಗೆ ತಿಳಿಯದೇ ಇರಲಿಲ್ಲ. ಆದರೂ ಕೇಳಿದರು, ನಾನೂ ಹೇಳಿದೆ. ಅವರು ಮರದ ಮರೆಯಿಂದ ಹೊರಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಂತರು.

“ಅವ್ವಾ, ಯಾಕ ಹೇಳಲಿಲ್ಲ?”

ದೊಡ್ಡವ್ವ ಮೊದಲು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮಗನ ತಲೆಯ ಮೇಲೆ ಒದ್ದೆ ಕೈ ಇಟ್ಟಳು. “ಇಷ್ಟ ಹೌಸೀಲೆ ಕಟ್ಟೀದಿ. ಜಾರ್ತದ ಅಂತ ನಾ ಹ್ಯಾಂಗ ಅನ್ಲಿ?”

ಸಾವ್ಕಾರರು ಅತ್ತರು. ನಾನು ತೊಟ್ಟಿಯ ಕಡೆ ತಿರುಗಿ ನಿಂತೆ.

ಅಂದು ಸಂಜೆಯೇ ಸಾವ್ಕಾರರು ಹಾಲ್‌ನ ಹಾಸನ್ನೆಲ್ಲ ಕಿತ್ತು ಬಿಸಾಡಿ ಸಾದಾ ಹಾಕಿಸುತ್ತೇನೆ ಎಂದು ನಿಂತರು. ದೊಡ್ಡವ್ವ ಕೇಳಲಿಲ್ಲ. ಪೂಜೆಯಾದ ಮನೆಯ ಕಲ್ಲು ವರ್ಷದೊಳಗೆ ಹೊರಗೆ ಹೋಗಬಾರದು, ಹೋದರೆ ತಾನು ಊಟ ಬಿಡುತ್ತೇನೆ ಎಂದಳು. ಸೊಸೆ ಜಮಖಾನೆ ಹಾಸಿ ನೋಡಿದರು. ಪಾಲಿಶ್ ಮೇಲೆ ಜಮಖಾನೆಯೇ ಜಾರಿತು. ತಾಯಿ ಮಗ ಇಬ್ಬರೂ ಹಟದವರು, ಬಗೆಹರಿಯುವ ಹಾಗೆ ಕಾಣಲಿಲ್ಲ. ಆಗ ಮೆಹಬೂಬ್ ಸಾಬನನ್ನು ಕರೆಸಿದೆವು. ಅವನು ಬೀಡಿ ಆರಿಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಾನೇ ಹಾಸಿದ ನೆಲವನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡ.

“ಹೊರಗ ಯಾಕ ಒಯ್ಯೋದ್ರಿ? ಬೋರಲ ಹಾಕ್ತೀನಿ. ಮನಿ ಕಲ್ಲು ಮನ್ಯಾಗೇ ಇರ್ತದ.”

ಎಷ್ಟು ಪಾಲಿಶ್ ಮಾಡಿದ ಫರ್ಸಿಯಾದರೂ ಹೊಳೆಯುವುದು ಒಂದೇ ಮುಖ. ಬೆನ್ನಿಗೆ ಯಾರೂ ಮಶೀನು ಹಚ್ಚುವುದಿಲ್ಲ. ಬೆನ್ನು ಖಣಿಯಲ್ಲಿ ಹೇಗಿತ್ತೋ ಹಾಗೇ ಇರುತ್ತದೆ, ಸಾದಾ. ಇದು ನಮಗೆ ಗೊತ್ತಿಲ್ಲದ್ದಲ್ಲ, ದಿನಾ ಎತ್ತಿ ಇಳಿಸುವ ಕಲ್ಲೇ. ಹಾಸಿದ ಮೇಲೆ ಬೆನ್ನು ಕಾಣದಲ್ಲ, ಹಾಗಾಗಿ ಯಾರ ನೆನಪಿಗೂ ಬಂದಿರಲಿಲ್ಲ. ಮೆಹಬೂಬ್ ಸಾಬ ದೊಡ್ಡವ್ವನ ಮಂಚದಿಂದ ಗೋಡೆಯ ಗುಂಟ ದೇವರ ಜಗಲಿಗೆ, ಅಲ್ಲಿಂದ ಅಡುಗೆಮನೆಯ ಬಾಗಿಲಿಗೆ, ಅಲ್ಲಿಂದ ಹಿತ್ತಲ ಹೊಸ್ತಿಲಿಗೆ ಒಂದು ಸಾಲು ಕಲ್ಲು ಎಬ್ಬಿಸಿ, ಬೆನ್ನಿಗಂಟಿದ ಗಾರೆ ಕೆತ್ತಿ ತೆಗೆದು, ಏರುತಗ್ಗು ಸರಿಮಾಡಿ, ಬೋರಲು ಹಾಸಿದ. ದೊಡ್ಡವ್ವ ಮಂಚದ ಮೇಲೆ ಕುಂತು, ಅಲ್ಲಿ ಎದ್ದಿದೆ ಇಲ್ಲಿ ಕುಸಿದಿದೆ ಎಂದು ಅವನ ಪ್ರಾಣ ತಿಂದಳು. ಗಾರೆ ಗಟ್ಟಿಯಾಗುವ ತನಕ ಕಾಲಿಡಬೇಡ ಎಂದು ಅವನು ಅಂಗಲಾಚಬೇಕಾಯಿತು.

ಗಾರೆ ಒಣಗಿದ ದಿನ ಆಕೆ ಮಂಚದಿಂದಿಳಿದು ಆ ಸಾಲಿನ ಮೇಲೆ ನಿಂತಳು. ಯಾರೂ ಹಿಡಿಯಲಿಲ್ಲ, ಹಿಡಿಯಲು ಬಿಡಲೂ ಇಲ್ಲ. ಜಗಲಿಯ ಮುಂದೆ ನಿಂತು ಕೈಮುಗಿದಳು. ಅಡುಗೆಮನೆಯಲ್ಲಿ ಇಣುಕಿ ಬೇಳೆಗೆ ನೀರು ಹೆಚ್ಚಾಗಿದೆ ಎಂದಳು. ಸೊಸೆಗೆ ಅಂದು ಆ ಮಾತು ಸಿಹಿಯಾಗಿ ಕೇಳಿರಬೇಕು, ನಕ್ಕರು. ಮನೆಗೆ ವರ್ಷ ತುಂಬಿತು, ಆಮೇಲೆ ಇನ್ನೂ ಹಲವು ವರ್ಷ ದೊಡ್ಡವ್ವ ಆ ದಾರಿಯಲ್ಲೇ ಓಡಾಡಿದಳು. ಒಂದು ಬೆಳಿಗ್ಗೆ ಸ್ನಾನ ಮಾಡಿ, ಊದಿನಕಡ್ಡಿ ಹಚ್ಚಿ, ಕುಂತಲ್ಲೇ ಹೋದಳು. ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅಂಥ ಸಾವಿಗೂ ನಮ್ಮ ಕಡೆ ಸಾದಾ ಸಾವು ಎನ್ನುತ್ತಾರೆ.

ಆಮೇಲೆ ಧಂಧೆ ಬದಲಾಯಿತು. ಕಾರ್ಖಾನೆಯ ಟೈಲ್ಸ್ ಬಂದವು, ಅವುಗಳ ಮುಂದೆ ನಮ್ಮ ಪಾಲಿಶ್ ಕಳೆಗುಂದಿತು. ವಿಚಿತ್ರವೆಂದರೆ ಸಾದಾ ಫರ್ಸಿಗೆ ಗಿರಾಕಿ ಕಡಿಮೆಯಾಗಲಿಲ್ಲ. ಆಸ್ಪತ್ರೆಯ ಇಳಿಜಾರಿಗೆ, ಬಚ್ಚಲಿಗೆ, ಕಾಲುದಾರಿಗೆ ಈಗಲೂ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ. ಅದರ ಮೇಲೆ ರಿಜೆಕ್ಟ್ ಎಂದು ಬರೆದದ್ದನ್ನು ನೋಡಿ ವಾಪಸು ಹೋಗದಿದ್ದರೆ ಸಾಕು.

ಆ ಬರಹವನ್ನು ಅಳಿಸಲು ಹೇಳಿ ಎಂದು ದೂರುವುದಕ್ಕೇ ಮೊನ್ನೆ ಸಾವ್ಕಾರರ ಮನೆಗೆ ಹೋಗಿದ್ದೆ. ಅವರಿಗೂ ಈಗ ವಯಸ್ಸಾಗಿದೆ, ವ್ಯವಹಾರವನ್ನು ಮಗನಿಗೆ ಬಿಟ್ಟಿದ್ದಾರೆ. ದೊಡ್ಡವ್ವ ಹೋದ ಮೇಲೆ ಅವರ ಮಗ ಹಾಲ್ ಚಂದ ಕಾಣಲೆಂದು ಆ ಸಾಲನ್ನು ಮತ್ತೆ ತಿರುವಿ ಹಾಕಿಸುತ್ತಾನೆ ಎಂದು ಕೇಳಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ, ಸಾಲು ಹಾಗೇ ಇತ್ತು. ಸಾವ್ಕಾರರು ಒಳಗಿನ ಕೋಣೆಯಲ್ಲಿ ತಾಯಿಯ ಮಂಚದ ಮೇಲೇ ಕುಂತಿದ್ದರು. ನನ್ನ ದನಿ ಕೇಳಿ ಬರ್ರಿ, ಕುಂದ್ರಿ ಎನ್ನುತ್ತ ಎದ್ದರು. ಹಾಲ್‌ನ ನಡುವೆ ಹಾದರೆ ನಾನಿದ್ದಲ್ಲಿಗೆ ನೇರ ದಾರಿ. ಅವರು ನೇರ ಬರಲಿಲ್ಲ. ಗೋಡೆಯ ಗುಂಟ ಹೊರಟು, ಜಗಲಿಯ ಮುಂದೆ ಹಾದು, ಅಡುಗೆಮನೆಯ ಬಾಗಿಲಿನ ತನಕ ತಾಯಿಯ ದಾರಿಯಲ್ಲೇ ಬಳಸಿಕೊಂಡು ಬಂದು, ಅಲ್ಲೇ ನಿಂತು, ಏನು ವಿಷಯ ಎಂದು ಕೇಳಿದರು.

ನಾನು ಉತ್ತರ ಕೊಡುವ ಮೊದಲು ನೆಲ ನೋಡಿದೆ, ಹಳೆಯ ಚಟ. ಅವರ ಕಾಲ್ಬೆರಳು ಬಿಚ್ಚಿಕೊಂಡಿದ್ದವು.